ಒಂದೇ ಬೇಲಿಯ ಹಟ್ಟಿ

ನಮ್ಮ ವಂಶದಲ್ಲಿ ಒಬ್ಬರು ಶಿಲ್ಪಿ ಆಗಿಹೋಗಿದ್ದಾರೆ. ಇದನ್ನು ಎಲ್ಲಿ ಹೇಳಿದರೂ ಎದುರಿಗಿದ್ದವರು ಗೌರವದಿಂದ ಸ್ವಲ್ಪ ಮುಂದಕ್ಕೆ ಬಾಗಿ, "ಕಲ್ಲಿನಲ್ಲೋ, ಮರದಲ್ಲೋ?" ಎಂದು ಕೇಳುತ್ತಾರೆ. "ಸಗಣಿಯಲ್ಲಿ" ಎನ್ನುತ್ತೇನೆ. ಬಾಗಿದವರು ಮತ್ತೆ ನೆಟ್ಟಗಾಗುತ್ತಾರೆ. ಅವರ ಅಜ್ಞಾನಕ್ಕೆ ನಾನು ಹೊಣೆಯಲ್ಲ.

ಆ ಶಿಲ್ಪಿ ನನ್ನ ಅಜ್ಜಿ, ಅಪ್ಪನ ತಾಯಿ. ಹೊಸದುರ್ಗದ ಕಡೆಯಿಂದ ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿಗೆ ಸೊಸೆಯಾಗಿ ಬಂದವಳು. ನಮ್ಮೂರೆಂದರೆ ಹೊರಕೆರೆದೇವಪುರದಿಂದ ಹೊರಟರೆ ಬಾಯಲ್ಲಿನ ಎಲೆಅಡಿಕೆ ಮುಗಿಯುವ ಹೊತ್ತಿಗೆ ಸಿಗುವ ಊರು. ನಮ್ಮದು ಕುರಿ ಸಾಕುವ ಮನೆ. ಜೊತೆಗೆ ಒಂದಷ್ಟು ಹೊಲ, ಎರಡು ಹಸು, ಮತ್ತು ಗಂಡಸರಿಗೆಲ್ಲ ತಲಾ ಒಂದರಂತೆ ಹಟ.

ದೀಪಾವಳಿಯ ಪಾಡ್ಯದ ಬೆಳಿಗ್ಗೆ ನಮ್ಮ ಕಡೆ ಮನೆಯ ಮುಂದೆ, ಅಂಗಳದಲ್ಲಿ, ಸಗಣಿಯಿಂದ ಹಟ್ಟಿ ಮಾಡುತ್ತಾರೆ. ಹಟ್ಟಿ ಎಂದರೆ ಒಂದು ಪುಟ್ಟ ಊರು ಎಂದುಕೊಳ್ಳಿ: ಸುತ್ತ ಸಗಣಿಯದೇ ಬೇಲಿ, ಒಳಗೆ ದನ, ಕುರಿ, ಮನೆಯ ಜನ. ಮಾಡುವವಳು ಮನೆಯ ಹಿರಿಯ ಹೆಂಗಸು. ಮಧ್ಯಾಹ್ನ ಅದಕ್ಕೆ ಎಡೆ ಇಟ್ಟು ಪೂಜೆ ಮಾಡಿ, ಸಂಜೆ ಎತ್ತಿ ಮಾಳಿಗೆಯ ಮೇಲೆ ಇಟ್ಟರೆ ಮುಗಿಯಿತು. ಬಹಳಷ್ಟು ಮನೆಗಳಲ್ಲಿ ಈ ಊರು ಐದು ಉಂಡೆಗಳಲ್ಲಿ ಮುಗಿಯುತ್ತದೆ. ಉಂಡೆಗೊಂದು ಉತ್ತರಾಣಿ ಕಡ್ಡಿ, ಒಂದು ಚೆಂಡು ಹೂ ಸಿಕ್ಕಿಸಿ ಕೈ ತೊಳೆಯುತ್ತಾರೆ. ದೇವರು ಅದನ್ನು ಒಪ್ಪಿಕೊಂಡಿದ್ದಾನೆ, ನಾವು ಆಕ್ಷೇಪಿಸಲು ಯಾರು.

ನನ್ನ ಅಜ್ಜಿಯ ಹಟ್ಟಿ ಮೂರು ಚಾಪೆ ಹಾಸುವಷ್ಟು ಅಗಲ ಇರುತ್ತಿತ್ತು. ಬೇರೆ ಕಲಾವಿದರು ಬಣ್ಣದ ಅಂಗಡಿಗೆ ಹೋಗುತ್ತಾರೆ. ಅಜ್ಜಿ ನಾಲ್ಕು ದಿನ ಮೊದಲೇ ಹಸುವಿನ ಊಟದಲ್ಲಿ ಕೈ ಹಾಕುತ್ತಿದ್ದಳು. ಬರೀ ಹಸಿ ಹುಲ್ಲು ತಿಂದರೆ ಸಗಣಿ ಜಾರುತ್ತದೆ, ಬರೀ ಒಣ ಮೇವು ತಿಂದರೆ ಬಿರಿಯುತ್ತದೆ, ಎರಡನ್ನೂ ಹದ ನೋಡಿ ಹಾಕಬೇಕು ಎನ್ನುವುದು ಅವಳ ಸಿದ್ಧಾಂತ. ಆ ನಾಲ್ಕು ದಿನ ನಮ್ಮ ಹಸು ನಮಗಿಂತ ಕ್ರಮವಾಗಿ ಉಣ್ಣುತ್ತಿತ್ತು. ಹಬ್ಬದ ದಿನ ಸಗಣಿಗೆ ಒಲೆಯ ಬೂದಿ ಸೇರಿಸಿ ನಾದಿ, ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲಿ ಕೂತರೆ ಯಾರೂ ಮಾತಾಡಿಸುವಂತಿರಲಿಲ್ಲ. ಬಿಳಿ ಕುರಿಗೆ ಹತ್ತಿ ಅಂಟಿಸುವಳು, ಕರಿ ಕುರಿಯನ್ನು ಹಾಗೇ ಬಿಡುವಳು. ಕಣ್ಣಿಗೆ ಹುರುಳಿ ಕಾಳು. ಅಜ್ಜನಿಗೆ ಹಳೇ ಪಂಚೆಯ ಅಂಚು ಹರಿದು ಸುತ್ತಿದ ಪೇಟ. ನನಗೆ ಕನ್ನಡಕ ಬಂದ ವರ್ಷ ತಂತಿ ಬಗ್ಗಿಸಿ ಮಾಡಿದ ಕನ್ನಡಕ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದ ವರ್ಷ, ಬೇಲಿಯ ಹಿಂದೆ ಊದುಬತ್ತಿ ಕಡ್ಡಿ ನೆಟ್ಟು, ತೆಂಗಿನಗರಿಯ ರೆಕ್ಕೆ ಕಟ್ಟಿ ನಾಲ್ಕು ಗಾಳಿಯಂತ್ರ ನಿಲ್ಲಿಸಿದಳು. ಸರ್ಕಾರದವು ಕೆಲವು ದಿನ ತಿರುಗುತ್ತಿರಲಿಲ್ಲ. ಅಜ್ಜಿಯವು ಮಾಳಿಗೆ ಏರಿದ ಮೇಲೂ ಎಲ್ಲ ದಿನ ತಿರುಗಿದವು.

ಹಬ್ಬದ ಬೆಳಿಗ್ಗೆ ಊರಿನವರು ತಮ್ಮ ಮನೆಯ ಉಂಡೆಗಳನ್ನು ಮುಗಿಸಿ ನಮ್ಮ ಅಂಗಳಕ್ಕೆ ಬರುತ್ತಿದ್ದರು, ಈ ವರ್ಷ ಯಾರು ಹೇಗಾಗಿದ್ದಾರೆ ಎಂದು ನೋಡಲು. ಒಮ್ಮೆ ನನ್ನ ಚಿಕ್ಕಪ್ಪ ಬಗ್ಗಿ ತನ್ನನ್ನು ಬಹಳ ಹೊತ್ತು ನೋಡಿದ.

"ನನ್ನ ಹೊಟ್ಟೆ ಇಷ್ಟು ದಪ್ಪ ಐತೇನವ್ವ?"

"ಸಗಣಿ ಸಾಲ್ದೆ ಬಂತು ಕಣಪ್ಪ, ಇಲ್ದಿದ್ರೆ ಸರಿಯಾಗೇ ಮಾಡ್ತಿದ್ದೆ" ಎಂದಳು ಅಜ್ಜಿ, ತಲೆ ಎತ್ತದೆ.

ಇನ್ನು ಚಿಕ್ಕಜ್ಜನ ವಿಷಯಕ್ಕೆ ಬರಬೇಕು. ಅಜ್ಜನ ತಮ್ಮ. ಅಜ್ಜಿ ಮದುವೆಯಾಗಿ ಬಂದಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಅವಳ ಅತ್ತೆ ಆ ವರ್ಷವೇ ತೀರಿಕೊಂಡಳು. ತಾನೇ ಇನ್ನೂ ಹುಡುಗಿಯಾಗಿದ್ದ ಅಜ್ಜಿ ಮೈದುನನನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಕುರಿಯ ಹಿಂದೆ ನಡೆದಳು, ದೇವರ ಮನೆಯ ಮುಂದೆ ಕೂತು ಒಳಲೆಯಲ್ಲಿ ಹಾಲು ಕುಡಿಸಿ ಬೆಳೆಸಿದಳು. "ನನ್ನ ಮೊದಲ್ನೇ ಮಗ ಅವ್ನು, ನಿಮ್ಮಪ್ಪ ಎರಡ್ನೇದು" ಎನ್ನುತ್ತಿದ್ದಳು. ನನ್ನ ಅಪ್ಪ ಈ ಎರಡನೇ ಸ್ಥಾನವನ್ನು ಕೊನೆಯವರೆಗೂ ಸಂಪೂರ್ಣವಾಗಿ ಒಪ್ಪಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣತಮ್ಮಂದಿರು ಬೇರೆಯಾದರು. ಹೊಲ ಹಂಚಿಕೊಂಡರು, ಕುರಿ ಹಂಚಿಕೊಂಡರು, ನಾಯಿಗಳನ್ನೂ ಹಂಚಿಕೊಂಡರು. ಒಂದು ಮಾತೂ ಮೀರಲಿಲ್ಲ. ಪಂಚಾಯಿತಿಗೆ ಬಂದ ಹಿರಿಯರು ಇಂಥ ಸಮಾಧಾನದ ಪಾಲು ಎಲ್ಲೂ ನೋಡಿಲ್ಲ ಎಂದು ಹೊಗಳಿ, ಕಾಫಿ ಕುಡಿದು ಎದ್ದರು. ಆಮೇಲೆ ಒಂದು ಟಗರು ಉಳಿದಿರುವುದು ಗೊತ್ತಾಯಿತು. ನನ್ನ ಕೈಯಾರೆ ಸಾಕಿದ್ದು ಎಂದ ಅಜ್ಜ. ನನ್ನ ಹಿಂದೆ ಮಾತ್ರ ಬರುತ್ತದೆ ಎಂದ ಚಿಕ್ಕಜ್ಜ. ಎರಡೂ ನಿಜವಾಗಿತ್ತು, ಜಗಳಕ್ಕೆ ಅದೇ ಬೇಕಾಗಿತ್ತು. ಕೊನೆಗೆ ಟಗರು ಅಜ್ಜನ ಕೊಟ್ಟಿಗೆಯಲ್ಲೇ ಉಳಿಯಿತು. ಚಿಕ್ಕಜ್ಜ ಬಾಗಿಲಿಗೆ ಬಂದು ನಿಂತು, "ಇನ್ನ ಈ ಹೊಸ್ಲು ತುಳಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ" ಎಂದ. ಹೆಂಡತಿಯ ತವರು ಆದಿವಾಲ. ಪಾಲಿಗೆ ಬಂದ ಕುರಿ ಹೊಡೆದುಕೊಂಡು ಹಿರಿಯೂರಿನ ಪಕ್ಕದ ಆ ಊರಿನ ದಾರಿ ಹಿಡಿದ. ಟಗರು ಮರುವರ್ಷ ವಯಸ್ಸಾಗಿ ಸತ್ತಿತು. ತನ್ನಿಂದ ಏನಾಯಿತೆಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ.

ಅಂದಿನಿಂದ ಅಜ್ಜಿಗೆ ಇದ್ದದ್ದು ಒಂದೇ ಆಸೆ. ನನ್ನ ಮುಂದೆಯೇ ಎಷ್ಟೋ ಸಲ ಹೇಳಿದ್ದಾಳೆ: "ನಾನು ಹೋಗೋದ್ರೊಳಗೆ ಅವ್ನು ಒಳಗೆ ಬಂದು, ದೇವ್ರ ಮನೆ ಮುಂದೆ ಕುಂತು ಒಂದು ಲೋಟ ಹಾಲು ಕುಡೀಬೇಕು. ಅಷ್ಟೇ. ಬ್ಯಾರೆ ಏನೂ ಬ್ಯಾಡ ನಂಗೆ." ನಮ್ಮ ಮನೆತನದ ಗಂಡಸರ ಹಟವನ್ನು ಬಲ್ಲವರಿಗೆ, ಇದಕ್ಕಿಂತ ಗಾಳಿಯಂತ್ರ ಕೇಳಿದ್ದರೆ ಸುಲಭವಿತ್ತು ಎಂದು ಅರ್ಥವಾಗುತ್ತದೆ.

ಒಲೆ ಬೇರೆಯಾದರೆ ಹಟ್ಟಿಯೂ ಬೇರೆಯಾಗಬೇಕು, ಅದು ಪದ್ಧತಿ. ಬೇರೆಯಾದವರು ತಮ್ಮ ಅಂಗಳದಲ್ಲಿ ತಮ್ಮ ಸಗಣಿಯಲ್ಲಿ ತಮ್ಮವರನ್ನು ಮಾಡಿಕೊಳ್ಳುತ್ತಾರೆ. ಆ ವರ್ಷದ ಪಾಡ್ಯಕ್ಕೆ ಅಜ್ಜ ಸ್ನಾನ ಮಾಡಿ ಬಂದು ನೋಡಿದರೆ, ಬೇಲಿ ಒಂದೇ. ಒಳಗೆ ತಾನು, ಪಕ್ಕದಲ್ಲೇ ತಮ್ಮ, ತಮ್ಮನ ಹೆಂಡತಿ, ಮಕ್ಕಳು. ಅಣ್ಣನ ಮುಂದೆ ಒಂದು ಟಗರು, ತಮ್ಮನ ಮುಂದೆ ಒಂದು ಟಗರು.

"ಅವ್ನು ಬ್ಯಾರೆ ಆಗ್ಯಾನೆ" ಎಂದ ಅಜ್ಜ.

"ಆಗ್ಲಿ."

"ಬ್ಯಾರೆ ಆದೋರ್ನ ನಮ್ಮ ಹಟ್ಟ್ಯಾಗೆ ಕೂರ್ಸಂಗಿಲ್ಲ."

"ಹಟ್ಟಿ ಮಾಡೋಳು ನಾನು. ನೀನು ಮಡಿ ಪಂಚೆ ಉಟ್ಕಂಡು ಪೂಜೆ ಮಾಡು, ಅದು ನಿಂದು."

ಅಜ್ಜ ಬಗ್ಗಿ ಟಗರುಗಳನ್ನು ಎಣಿಸಿದ. "ಟಗರು ಒಂದೇ ಇತ್ತಲ್ಲೇ."

"ಒಂದಕ್ಕೆ ಜಗಳ ಆತು ಅಂತಾನೇ ಎರಡು ಮಾಡೀನಿ. ಸಗಣಿಗೇನು ಬರವಾ?"

ಅಜ್ಜ ಪೂಜೆ ಮಾಡಿದ. ತಮ್ಮನ ಕಡೆಗೆ ಮಾತ್ರ ಹೂ ಹಾಕಲಿಲ್ಲ. ಅಜ್ಜಿ ಆಮೇಲೆ ಹಾಕಿದಳು.

ಹೀಗೆ ಹನ್ನೆರಡು ದೀಪಾವಳಿ ನಡೆಯಿತು. ಕಣ್ಣಾರೆ ಕಾಣದ ಸಂಸಾರವೊಂದನ್ನು ಅಜ್ಜಿ ವರ್ಷವರ್ಷವೂ ಬೆಳೆಸುತ್ತ ಹೋದಳು. ಸುದ್ದಿ ತರುವವರು ಹಿರಿಯೂರಿನ ಕಡೆ ಕುರಿ ವ್ಯಾಪಾರಕ್ಕೆ ಹೋಗಿಬರುವವರು. ಅವರಿಗೆ ಮೊದಲು ಮಜ್ಜಿಗೆ, ಆಮೇಲೆ ಪ್ರಶ್ನೆ. ಚಿಕ್ಕಜ್ಜನಿಗೆ ಮೊಮ್ಮಗಳು ಹುಟ್ಟಿದರೆ ಹಟ್ಟಿಯಲ್ಲೂ ಹುಟ್ಟಿದಳು. ಅವನು ಮೋಟರ್ ಸೈಕಲ್ ಕೊಂಡರೆ ಸಗಣಿಯ ಚಿಕ್ಕಜ್ಜನೂ ಮೋಟರ್ ಸೈಕಲ್ ಏರಿದ, ಎರಡು ಬಿಲ್ಲೆ ಚಕ್ರದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು. ಇಷ್ಟು ನಿಷ್ಠೆಯಿಂದ ಜನಗಣತಿಯವರೂ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಹದಿಮೂರನೆಯ ವರ್ಷ ಒಂದು ತಪ್ಪಾಯಿತು. ಚಿಕ್ಕಜ್ಜ ಬಿದ್ದು ಕಾಲು ಮುರಿದುಕೊಂಡಿದ್ದಾನೆ ಎಂಬ ಸುದ್ದಿ ಬಂದಿತ್ತು. ವಾಸಿಯಾದ ಸುದ್ದಿಯನ್ನು ಯಾರೂ ತರಲಿಲ್ಲ, ಜನರಿಗೆ ಕೆಟ್ಟದ್ದನ್ನು ಹೊರುವಷ್ಟು ಉತ್ಸಾಹ ಒಳ್ಳೆಯದನ್ನು ಹೊರುವುದರಲ್ಲಿ ಇರುವುದಿಲ್ಲ. ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತ ಮೈದುನನಿಗೆ ಒಂದು ಕಾಲು ಸೊಟ್ಟ ಮಾಡಿ ಕಂಕುಳಿಗೆ ಕೋಲು ಕೊಟ್ಟಳು. ಹಟ್ಟಿ ನೋಡಲು ಬಂದ ಕುರಿ ವ್ಯಾಪಾರಿಯೊಬ್ಬ ಅಲ್ಲೇ ನಿಂತು ಆದಿವಾಲಕ್ಕೆ ಫೋನು ಮಾಡಿದ: "ನಿಮ್ಮತ್ತಿಗೆ ನಿನ್ನ ಕುಂಟ ಮಾಡಿ ನಿಲ್ಸ್ಯಾಳೆ ನೋಡಪ್ಪ. ಊರೆಲ್ಲ ಬಂದು ನೋಡ್ತೈತೆ."

ಮಧ್ಯಾಹ್ನ ಎಡೆ ಇಡುವ ಹೊತ್ತಿಗೆ ಅಂಗಳದಲ್ಲಿ ಮೋಟರ್ ಸೈಕಲ್ ಬಂದು ನಿಂತಿತು. ಹದಿಮೂರು ವರ್ಷದ ಮೇಲೆ ಚಿಕ್ಕಜ್ಜ ಬಂದಿದ್ದು ಪ್ರೀತಿಯಿಂದಲ್ಲ, ತಕರಾರು ಸಲ್ಲಿಸಲು.

"ಏನಿದು ಅತ್ತಿಗೆಮ್ಮ? ನನ್ನ ಕಾಲು ಕೂಡ್ಕಂಡು ಆರು ತಿಂಗಳಾತು. ಕೋಲು ಯಾಕೆ ಕೊಟ್ಟೀಯ?"

ಅಜ್ಜಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕೂದಲು ನರೆತಿತ್ತು. "ಕಣ್ಣಿಗೆ ಕಾಣದೋರ್ನ ಹೆಂಗಪ್ಪ ಸರಿಯಾಗಿ ಮಾಡ್ಲಿ? ಎಲ್ಲಿ, ನಡಿ ನೋಡಾಣ."

ಚಿಕ್ಕಜ್ಜ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದ. ಅಜ್ಜಿಗೆ ತೃಪ್ತಿಯಾಗಲಿಲ್ಲ. ಇನ್ನೊಮ್ಮೆ ನಡೆಸಿದಳು. ಆಮೇಲೆ ಬಗ್ಗಿ ಕೋಲು ಕಿತ್ತು, ಕಾಲು ತೀಡಿ ನೆಟ್ಟಗೆ ಮಾಡಿದಳು. "ಊಟ ಮಾಡ್ಕಂಡು ಹೋಗು."

"ಹೊಸ್ಲು ತುಳಿಯಲ್ಲ ಅಂದೀನಿ."

"ಹೊಸ್ಲು ನಿನ್ನ ಊಟಕ್ಕೆ ಕರೀಲಿಲ್ಲ, ನಾನು ಕರ್ದಿದ್ದು. ಇಲ್ಲೇ ಕುಂತ್ಕ."

ಹೀಗೆ ನಮ್ಮ ಮನೆಯ ಪಾಡ್ಯದ ಊಟ ಅಂಗಳಕ್ಕೆ ಬಂತು. ಅವನೊಬ್ಬನೇ ಹೊರಗೆ ಕೂತರೆ ಅವಮಾನ, ಆದ್ದರಿಂದ ಎಲ್ಲರೂ ಹೊರಗೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಅಜ್ಜ ಒಳಗಿನಿಂದ ತನ್ನ ತಟ್ಟೆಯನ್ನು ತಾನೇ ಹಿಡಿದುಕೊಂಡು ಬಂದು ತಮ್ಮನಿಗೆ ಬೆನ್ನು ಮಾಡಿ ಕೂತ. ಎರಡನೇ ಹೋಳಿಗೆಗೆ ಅರ್ಧ ತಿರುಗಿದ. ಮಜ್ಜಿಗೆಯ ಹೊತ್ತಿಗೆ, "ಆ ಕಡೆ ಮಳೆ ಹೆಂಗೆ?" ಎಂದು ಹಟ್ಟಿಯನ್ನು ಕೇಳಿದ. ಹಟ್ಟಿಯ ಪರವಾಗಿ ಚಿಕ್ಕಜ್ಜ, "ಪರವಾಗಿಲ್ಲ" ಎಂದ.

ಅಲ್ಲಿಂದ ಮುಂದೆ ಪ್ರತಿ ವರ್ಷ ಬಂದ. ಪ್ರತಿ ವರ್ಷ ಅಂಗಳದಲ್ಲೇ ಉಂಡು ಹೋದ. ಒಂದು ವರ್ಷ ಹಬ್ಬದ ದಿನವೇ ಮಳೆ ಹಿಡಿಯಿತು. ತಾಡಪಾಲು ಕಟ್ಟಿ, ನಾಲ್ಕು ಮೂಲೆಗೆ ನಾಲ್ವರು ಗಳ ಹಿಡಿದು ನಿಂತು, ಸರದಿಯ ಮೇಲೆ ಉಂಡೆವು. ಹತ್ತು ಹೆಜ್ಜೆ ದೂರದಲ್ಲಿ ಹದಿನೈದು ಜನ ಆರಾಮಾಗಿ ಕೂರುವ ಪಡಸಾಲೆ ಒಣಗಿಕೊಂಡು ಖಾಲಿ ಇತ್ತು. ನಮ್ಮಲ್ಲಿ ಗಂಡಸರಿಗೆ ಆಸ್ತಿ ಕಡಿಮೆ, ಇರುವುದು ಆಡಿದ ಮಾತು ಒಂದೇ. ಅದನ್ನಾದರೂ ನೆನೆಯದಂತೆ ಇಟ್ಟುಕೊಳ್ಳಬೇಡವೇ.

ಅಜ್ಜ ಸತ್ತಾಗ ಚಿಕ್ಕಜ್ಜ ಮೂರು ದಿನ ಅಂಗಳದ ಬೇವಿನ ಮರದ ಕೆಳಗೇ ಇದ್ದ. ಅಜ್ಜಿ ಆ ದುಃಖದಲ್ಲೂ ಹೊರಗೆ ಬಂದು ಕೇಳಿದಳು: "ಈಗ ಯಾರ ಮ್ಯಾಲಪ್ಪ ನಿನ್ನ ಹಟ?"

"ಯಾರ ಮ್ಯಾಲೂ ಇಲ್ಲ ಅತ್ತಿಗೆಮ್ಮ. ಆಡಿಬಿಟ್ಟೀನಲ್ಲ."

ಅಜ್ಜಿ ಮತ್ತೆ ಕೇಳಲಿಲ್ಲ. ಬೇಡುವುದು ಅವಳ ಜಾಯಮಾನವಲ್ಲ. ಆ ವರ್ಷವೂ ಹಟ್ಟಿ ಮಾಡಿದಳು. ಅಣ್ಣನ ಜಾಗದಲ್ಲಿ ಪೇಟ ಮಾತ್ರ ಇಟ್ಟಳು.

ಮೂರು ವರ್ಷದ ಹಿಂದೆ ಅಜ್ಜಿಗೆ ಲಕ್ವ ಹೊಡೆಯಿತು. ನಾನು ಕೆಲಸದ ನಿಮಿತ್ತ ಇರುವುದು ಚಿತ್ರದುರ್ಗದಲ್ಲಿ. ಅಲ್ಲಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಊರಿಗೆ ಮರಳಿದಳು. ಬಲಗೈ ಬಿದ್ದುಹೋಗಿತ್ತು, ನಡೆಯುವಂತಿರಲಿಲ್ಲ. ಮಾತು ಸ್ವಲ್ಪ ತೊದಲುತ್ತಿತ್ತು, ಬೈಗುಳ ಮಾತ್ರ ಸ್ಪಷ್ಟವಾಗಿತ್ತು. ತಿಂಗಳೊಪ್ಪತ್ತಿನಲ್ಲಿ ದೀಪಾವಳಿ ಬಂತು. ಪಾಡ್ಯದ ಬೆಳಿಗ್ಗೆ ನನ್ನ ಅಮ್ಮ, ತನಗೆ ತಿಳಿದ ಐದು ಉಂಡೆ ಮಾಡಿ ಶಾಸ್ತ್ರ ಮುಗಿಸುವೆ ಎಂದು ಸಗಣಿ ನಾದಿಕೊಂಡು ಬಂದಳು. ಅಜ್ಜಿ ಒಪ್ಪಲಿಲ್ಲ. ತನ್ನನ್ನು ಮಂಚಸಮೇತ ಅಂಗಳಕ್ಕೆ ತರಬೇಕು ಎಂದಳು. ನಾವು ಮೊಮ್ಮಕ್ಕಳು ನಾಲ್ವರು ಎತ್ತಿ ತಂದೆವು.

"ಅವ್ನು ಬರ್ಲಿ" ಎಂದಳು.

ಚಿಕ್ಕಜ್ಜ ಅಂದು ಬೇಗ ಬಂದ. ಮಂಚ ನೋಡಿ ಅಲ್ಲೇ ನಿಂತುಬಿಟ್ಟ. ಅಜ್ಜಿ ಎಡಗೈಯಿಂದ ಸಗಣಿಯ ಪುಟ್ಟಿ ತೋರಿಸಿದಳು. "ಕುಂತ್ಕ. ಮಾಡು."

"ಗಂಡಸ್ರು ಹಟ್ಟಿ ಮಾಡ್ತಾರಾ ಅತ್ತಿಗೆಮ್ಮ?"

"ಮನೆಯೊಳಗೆ ಬರಲ್ಲ ಅಂತ ಒಂದು ಶಾಸ್ತ್ರ ನೀನೇ ಮಾಡ್ಕಂಡೆ. ಇದನ್ನೂ ಮಾಡ್ಕ."

ಎಪ್ಪತ್ತೈದು ದಾಟಿದ ಮನುಷ್ಯ ಪಂಚೆ ಮೇಲಕ್ಕೆ ಕಟ್ಟಿ ಕೂತ. ಬದುಕಿಡೀ ಕುರಿಯ ಹಿಂದೆ ನಡೆದವನು, ಕತ್ತಲಲ್ಲಿ ಮುಟ್ಟಿ ಇದು ಯಾವ ಕುರಿ ಎಂದು ಹೇಳಬಲ್ಲವನು. ಆದರೆ ಅವನ ಕೈಯಲ್ಲಿ ಒಂದೂ ಕುರಿ ಕುರಿಯಾಗಲಿಲ್ಲ.

"ಅದೇನದು?"

"ಕುರಿ."

"ಹಂದಿ ಆಗೈತೆ. ಕಿವಿ ಕೆಳಗೆ ಇಳ್ಸು. ಇನ್ನ ಕೆಳಗೆ. ಅಯ್ಯೋ, ಈಗ ಮೊಲ ಆತಲ್ಲೋ. ಅದರ ಪಕ್ಕ ಇರೋದು?"

"ಅದು ನಮ್ಮಣ್ಣನ ಪೇಟ."

"ನಾನು ಹಲಸಿನಕಾಯಿ ಅಂದ್ಕಂಡೆ."

ಊರಿನವರು ಬೇಲಿಯ ಸುತ್ತ ನಿಂತು ನಗುತ್ತಿದ್ದರು. ಚಿಕ್ಕಜ್ಜ ಹಟದಿಂದ ಒಂದೊಂದೇ ಹಂದಿ ಮಾಡುತ್ತ ಹೋದ. ಟಗರುಗಳನ್ನು ಮಾತ್ರ ಅಜ್ಜಿ ಅವನ ಕೈಗೆ ಬಿಡಲಿಲ್ಲ. ಸಗಣಿ ತರಿಸಿಕೊಂಡು, ಮಂಚದ ಮೇಲೆ ಎಡಗೈ ಒಂದರಲ್ಲೇ ಎರಡು ಟಗರು ಮಾಡಿದಳು. ಎಡಗೈಗೆ ಅದೇ ಮೊದಲ ಕೆಲಸ. ಆದರೂ ಕೊಂಬಿನ ಸುರುಳಿ ಎಷ್ಟು ನಯವಾಗಿತ್ತೆಂದರೆ ನಗುತ್ತಿದ್ದವರು ಮಂಚದ ಹತ್ತಿರಕ್ಕೆ ಬಂದು ಬಗ್ಗಿದರು. ನಾನು ದೊಡ್ಡ ದೊಡ್ಡ ದೇವಸ್ಥಾನಗಳ ಕೆತ್ತನೆ ನೋಡಿದವನು. ಆ ಎರಡು ಟಗರುಗಳನ್ನು ನೋಡಿದಾಗ ನಿಂತ ಹಾಗೆ ಬೇರೆಲ್ಲೂ ನಿಂತಿಲ್ಲ.

ಪೂಜೆಯಾಯಿತು. ಅಂಗಳದಲ್ಲಿ ಊಟವೂ ಆಯಿತು. ಬಿಸಿಲು ಮಂಚದ ಮೇಲೆ ಬಂತು.

"ಒಳಗೆ ಎತ್ಕಂಡು ನಡೀರಿ" ಎಂದಳು ಅಜ್ಜಿ. ನಾವು ನಾಲ್ವರೂ ಬಂದೆವು. ನನ್ನ ಚಿಕ್ಕಪ್ಪನ ಹಿರಿಯ ಮಗ ತಲೆಯ ಕಡೆ ನಿಲ್ಲಲು ಹೋದಾಗ ಅವನನ್ನು ತಡೆದಳು. "ನಿನ್ನ ಕೈ ಅಲ್ಲಾಡ್ತೈತೆ. ಬರೋವಾಗ ನನ್ನ ಬೀಳ್ಸಾಕಿದ್ದೆ. ತಲೆ ಕಡೆ ಇವ್ನು ಹಿಡೀಲಿ."

ಅವನು ಬೀಳಿಸಲು ಹೋಗಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಚಿಕ್ಕಜ್ಜ ಮುಂದೆ ಬಂದು ತಲೆಯ ಕಡೆಯ ಒಂದು ಮೂಲೆ ಹಿಡಿದ, ಇನ್ನೊಂದು ಮೂಲೆಗೆ ನನ್ನ ತಮ್ಮ, ಕಾಲಿನ ಕಡೆ ನಾನು ಮತ್ತು ಇನ್ನೊಬ್ಬ.

"ತಲೆ ಮುಂದಾಗಿ ಒಯ್ರಿ. ಕಾಲು ಮುಂದಾಗಿ ಒಯ್ಯೋ ದಿನ ಇನ್ನೂ ಬಂದಿಲ್ಲ."

ತಲೆ ಮುಂದಾಗಬೇಕಾದರೆ ತಲೆಯ ಕಡೆ ಹಿಡಿದವರು ಬಾಗಿಲಿಗೆ ಬೆನ್ನು ಮಾಡಿ ಹಿಂದೆ ಹಿಂದೆ ನಡೆಯಬೇಕು. ಹೊರಟೆವು. ಮೊದಲ ಹೆಜ್ಜೆಯಿಂದಲೇ ಅಜ್ಜಿ ಶುರು ಮಾಡಿದಳು: ಆ ಕುರಿಗಳೇನು, ಆ ಬೇಲಿಯೇನು, ಮೋಟರ್ ಸೈಕಲ್ಲಿಗೆ ಮೂರು ಚಕ್ರ ಯಾಕೆ, ಸಣ್ಣವನಿದ್ದಾಗಲೂ ನಿನಗೆ ಕೈಯಲ್ಲಿ ಒಂದು ಕೆಲಸ ಬರುತ್ತಿರಲಿಲ್ಲ. ಚಿಕ್ಕಜ್ಜ ಬಗ್ಗಿ ಅವಳ ಮುಖವನ್ನೇ ನೋಡುತ್ತ, "ಮೂರನೇದು ಚಕ್ರ ಅಲ್ಲ ಅತ್ತಿಗೆಮ್ಮ, ಅದು ಲೈಟು" ಎಂದು ವಾದಿಸುತ್ತ ಹೆಜ್ಜೆ ಹಾಕುತ್ತಿದ್ದ. ಕಾಲಿನ ಕಡೆ ಇದ್ದ ನನಗೆ ಎದುರಿಗೆ ಬಾಗಿಲು ಕಾಣುತ್ತಿತ್ತು. ಅವನ ಹಿಮ್ಮಡಿ ಹೊಸ್ತಿಲಿನ ಹತ್ತಿರ ಬಂತು. ಮರ ತಗುಲಿತು. ಬಾಗಿಲು ಹುಟ್ಟಿದಂದಿನ ಪರಿಚಯ, ಕಾಲು ತಾನಾಗಿ ಮೇಲೆದ್ದು ಆಚೆ ಇಳಿಯಿತು. ನನ್ನ ಹೆಜ್ಜೆ ತಡವರಿಸಿತು. ಅಜ್ಜಿ ಬೈಗುಳ ನಿಲ್ಲಿಸದೆಯೇ ನನ್ನ ಕಡೆ ಕಣ್ಣು ತಿರುಗಿಸಿ ಒಮ್ಮೆ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ನಡೆದೆ.

ದೇವರ ಮನೆಯ ಮುಂದೆ ಮಂಚ ಇಳಿಸಿದೆವು. ಚಿಕ್ಕಜ್ಜ ಸೊಂಟ ನೆಟ್ಟಗೆ ಮಾಡಿ ತಲೆ ಎತ್ತಿದ. ಮಜ್ಜಿಗೆ ಕಡೆಯುವ ಕಂಬ ನೋಡಿದ. ದೀಪದ ಗೂಡು ನೋಡಿದ. ಅಜ್ಜಿಯ ಬೈಗುಳ ನಿಂತಿತ್ತು.

"ಅತ್ತಿಗೆಮ್ಮ" ಎಂದ.

"ಏನಪ್ಪ."

"ನಾನು ಹಿಂದಿಂದ್ಕೆ ಬಂದೀನಿ. ಇದು ಬಂದಂಗಲ್ಲ."

"ಅಲ್ಲ" ಎಂದಳು ಅಜ್ಜಿ, ನ್ಯಾಯ ಒಪ್ಪಿಕೊಂಡವಳಂತೆ. "ಹಾಲು ಕಾಸೈತೆ. ಕುಂತ್ಕಂಡು ಕುಡಿ."

ಅಮ್ಮನ ಕೈಯಲ್ಲಿ ಲೋಟ ಆಗಲೇ ಸಿದ್ಧವಿತ್ತು. ಅದು ಬೆಳಿಗ್ಗೆಯಿಂದಲೇ ಸಿದ್ಧವಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಚಿಕ್ಕಜ್ಜ ನೆಲದ ಮೇಲೆ ಕೂತ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಿಲ್ಲಿಸದೆ ಕುಡಿದ. ಅಜ್ಜಿ ಕೊನೆಯ ಗುಟುಕಿನವರೆಗೂ ನೋಡಿ, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಆ ಸಂಜೆ ಹಟ್ಟಿಯನ್ನು ಮಾಳಿಗೆಗೆ ಏರಿಸುವಾಗ, ಹಂದಿಗಳನ್ನು ಜೋಪಾನವಾಗಿ ಎತ್ತಿರಿ ಎಂದು ಒಳಗಿನಿಂದ ಕೂಗಿದಳು.

ಮರುವರ್ಷದ ಯುಗಾದಿಗೆ ಅವಳಿರಲಿಲ್ಲ.

ಚಿಕ್ಕಜ್ಜ ಈಗಲೂ ಬರುತ್ತಾನೆ. ಅಂಗಳ ದಾಟಿ ಬಾಗಿಲ ಹತ್ತಿರ ಬಂದವನು ಚಪ್ಪಲಿ ಬಿಟ್ಟು, ಶಾಂತವಾಗಿ ಬೆನ್ನು ತಿರುಗಿಸಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಹಿಂದೆ ಹಿಂದೆ ಒಳಗೆ ಬರುತ್ತಾನೆ. ಹೊಸಬರು ನೋಡಿ ಗಾಬರಿಯಾಗುತ್ತಾರೆ. ನಮಗೆ ರೂಢಿಯಾಗಿದೆ. ಮಾತೂ ಉಳಿಯಿತು, ಹಾಲೂ ಉಳಿಯಿತು. ಊಟ ಈಗ ಪಡಸಾಲೆಯಲ್ಲಿ. ಇಂಥ ಏರ್ಪಾಡನ್ನು ಮಂಚದ ಮೇಲೆ ಮಲಗಿ, ಒಂದೇ ಕೈಯಲ್ಲಿ ಮಾಡಿಹೋದವಳ ಮೊಮ್ಮಗ ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಈ ಸಲದ ಹಟ್ಟಿಯನ್ನೂ ಅವನೇ ಮಾಡಿದ. ಬೇಲಿ ಒಂದೇ, ಟಗರು ಎರಡು, ಕುರಿಗಳಲ್ಲಿ ಸುಧಾರಣೆ ಇಲ್ಲ. ಅಜ್ಜಿ ತನ್ನನ್ನು ತಾನು ಎಂದೂ ಹಟ್ಟಿಯಲ್ಲಿ ಮಾಡಿಕೊಂಡವಳಲ್ಲ. ಅವನು ಈ ವರ್ಷ ನಡುಮಧ್ಯದಲ್ಲಿ, ಎಲ್ಲರಿಗಿಂತ ಎತ್ತರವಾಗಿ, ಹುಚ್ಚೆಳ್ಳು ಹೂ ಮುಡಿಸಿ ಅವಳನ್ನು ನಿಲ್ಲಿಸಿದ್ದ. ಅಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ನಮ್ಮತ್ತೆ ಇಷ್ಟು ಎತ್ರ ಇರ್ಲಿಲ್ಲ ಮಾವ."

"ಸಗಣಿ ಸಾಲ್ದೆ ಬಂತು ಕಣವ್ವ" ಎಂದ ಚಿಕ್ಕಜ್ಜ, ತಲೆ ಎತ್ತದೆ. "ಇಲ್ದಿದ್ರೆ ಸರಿಯಾಗೇ ಮಾಡ್ತಿದ್ದೆ."